ಹೆಣಕ್ಕೇನು ಸೂತಕ

ಪುಟ್ಟಮಾದು ಮೊದಲ ಸಲ ಸತ್ತಾಗ ಅವನಿಗೆ ಎಂಟು ವರ್ಷ. ಆಮೇಲೆ ವರ್ಷಕ್ಕೊಂದು ಸಲ, ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ತಪ್ಪದೆ ಸಾಯುತ್ತ ಬಂದ. ಈಗ ಹದಿನೈದು ತುಂಬಿತ್ತು. ಗಂಟಲು ಒಡೆದು ದನಿ ದಪ್ಪವಾಗಿತ್ತು, ಕಾಲು ಉದ್ದ ಬೆಳೆದು ಹೆಣಕ್ಕೆ ಹೊದಿಸುವ ಪಂಚೆ ಮೊಣಕಾಲಿನಿಂದ ಕೆಳಗೆ ಸಾಲುತ್ತಿರಲಿಲ್ಲ. ಆದರೂ ಊರಿನವರಿಗೆ ಬೇರೆ ಹೆಣ ಸಿಕ್ಕಿರಲಿಲ್ಲ.

ಊರು ಚಂದಕವಾಡಿಯ ಆಚೆಗಿನ ಒಂದು ಸಣ್ಣ ಹಳ್ಳಿ. ಅಲ್ಲಿಯವರು ಆಡುತ್ತಿದ್ದುದು ಒಂದೇ ನಾಟಕ, ‘ಏರಿ ಕಾದ ಮಗ’. ಅದನ್ನು ಕಟ್ಟಿದವರೂ ಕಲಿಸುವವರೂ ಹಾರ್ಮೋನಿಯಂ ಬಾರಿಸುವವರೂ ಚಿಕ್ಕಣ್ಣ ಮೇಷ್ಟ್ರೇ. ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಕತೆ ಇಷ್ಟೆ: ಜಡಿಮಳೆಯಲ್ಲಿ ಕೆರೆಯ ಏರಿ ಬಿರುಕು ಬಿಡುತ್ತದೆ. ಬಡ ಹೆಂಗಸೊಬ್ಬಳ ಒಬ್ಬನೇ ಮಗ ಆ ಬಿರುಕಿಗೆ ಮೈಯೊಡ್ಡಿ ನಿಂತು ಊರನ್ನು ಉಳಿಸಿ ತಾನು ಸಾಯುತ್ತಾನೆ. ತಾಯಿ ಹೆಣದ ಮುಂದೆ ಕೂತು ಹಾಡಿಕೊಂಡು ಅಳುತ್ತಾಳೆ. ಶಿವ ಬಂದು ಎಬ್ಬಿಸುತ್ತಾನೆ. ಮಗ ಎದ್ದು ಮಂಗಳ ಹಾಡಿದರೆ ಜನ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ.

ಮಗನ ಪಾತ್ರ ಯಾರಿಗೆ ಬೇಡ? ಏರಿಯ ಮೇಲೆ ನಿಂತು ಹಾಡಬಹುದು, ಮಳೆರಾಯನಿಗೆ ಸವಾಲು ಹಾಕಬಹುದು. ತೊಂದರೆ ಇದ್ದುದು ಹೆಣವಾಗುವುದರಲ್ಲಿ. ಹೆತ್ತವಳು ಬದುಕಿರುವಾಗ ಮಗನನ್ನು ಉದ್ದಕ್ಕೆ ಮಲಗಿಸಿ, ಮುಖಕ್ಕೆ ಬೂದಿ ಬಳಿದು, ಎದುರಿಗೆ ಕೂತು ಅಳುವುದೆಂದರೇನು? ಆ ಊರಿನ ಯಾವ ತಾಯಿಯೂ ಇದಕ್ಕೆ ಒಪ್ಪಲಿಲ್ಲ. ಮೊದಲ ವರ್ಷವೇ ನಾಟಕ ನಿಂತುಹೋಗುವ ಹಾಗಾಗಿತ್ತು. ಆಗ ಹಿರಿಯರೆಲ್ಲ ಸೇರಿ ಒಂದು ಉಪಾಯ ಹುಡುಕಿದರು. ಇಂಥ ಉಪಾಯ ಹೊಳೆಯುವುದಕ್ಕೆ ಹಿರಿಯರೇ ಬೇಕು. ಬದುಕಿರುವ ಮಗ ಒಬ್ಬ, ಸತ್ತ ಮಗ ಇನ್ನೊಬ್ಬ. ಬದುಕಿರುವವನು ಊರ ಯಜಮಾನ ದೊಡ್ಡಬೀರಯ್ಯನ ಮಗ ಸಿದ್ದರಾಜು. ಸತ್ತವನು ಪುಟ್ಟಮಾದು, ಏಕೆಂದರೆ ಬೇಡ ಅನ್ನುವುದಕ್ಕೆ ಅವನಿಗೆ ತಾಯಿ ಇರಲಿಲ್ಲ. ತಂದೆಯೂ ಇರಲಿಲ್ಲ. ಇದ್ದವಳು ಅಜ್ಜಿ ಸೋಮಮ್ಮ, ಕಂಡವರ ಅರಿಸಿನದ ಹೊಲದಲ್ಲಿ ಕೂಲಿ ಮಾಡುವವಳು. ಅವಳನ್ನು ಯಾರೂ ಕೇಳಲಿಲ್ಲ.

ಆಟದ ನಡುವೆ ಇಬ್ಬರು ಗಂಡಸರು ಬಿಳಿ ಪಂಚೆಯೊಂದನ್ನು ಅಡ್ಡ ಹಿಡಿಯುತ್ತಿದ್ದರು. ಅದರ ಹಿಂದೆ ಸಿದ್ದರಾಜು ಬಗ್ಗಿಕೊಂಡು ಆಚೆ ಹೋದರೆ ಪುಟ್ಟಮಾದು ಅಂಥದೇ ಉಡುಪಿನಲ್ಲಿ ಬಂದು ಮಲಗುತ್ತಿದ್ದ. ಶಿವ ಬಂದಾಗ ಮತ್ತೆ ಪಂಚೆ, ಮತ್ತೆ ಅದಲುಬದಲು. ಏಳುವವನು ಸಿದ್ದರಾಜುವೇ. ಗ್ಯಾಸ್‌ಲೈಟನ್ನು ಆ ಹೊತ್ತಿಗೆ ಸರಿಯಾಗಿ ತಗ್ಗಿಸುತ್ತಿದ್ದುದರಿಂದ ಮುಖ ಯಾರದೆಂದು ತಿಳಿಯುತ್ತಿರಲಿಲ್ಲ. ತಿಳಿದವರು ಸುಮ್ಮನಿರುತ್ತಿದ್ದರು.

ಹೀಗಾಗಿ ಪುಟ್ಟಮಾದು ಇಷ್ಟು ವರ್ಷ ರಂಗದ ಮೇಲಿದ್ದೂ ಅಲ್ಲಿಂದ ಜನರನ್ನು ಒಮ್ಮೆಯೂ ನೋಡಿರಲಿಲ್ಲ. ಅವನಿಗೆ ಗೆಜ್ಜೆಯಿಲ್ಲ, ಬಣ್ಣವಿಲ್ಲ. ಆಟದ ಮೊದಲು ಎಲ್ಲರೂ ಪೂಜೆಗೆ ನಿಂತು ಮಂಗಳಾರತಿ ತೆಗೆದುಕೊಳ್ಳುವಾಗ ಹೆಣವಾಗುವವನೆಂದು ಅವನು ದೂರ ನಿಲ್ಲಬೇಕಿತ್ತು. ಕಣ್ಣು ಮುಚ್ಚಿ ಮಲಗಿ, ಆಮೇಲೆ ಪರದೆಯ ಹಿಂದೆ ನಿಂತು, ಕೇಳಿ ಕೇಳಿ ತಾಯಿಯ ಹಾಡೂ ಶಿವನ ಮಾತೂ ಮಗನ ಮಂಗಳವೂ ಅವನಿಗೆ ಬಾಯಿಪಾಠವಾಗಿತ್ತು.

ಸೋಮಮ್ಮನಿಗೆ ಇದು ಸರಿಬರುತ್ತಿರಲಿಲ್ಲ. ಮಲಗಿದವನನ್ನು ಎಬ್ಬಿಸದೆ ಹಾಗೇ ಆಚೆ ತಳ್ಳಿದರೆ ಆಯಸ್ಸು ಕುಂದುತ್ತದೆ ಎಂದು ಅವಳ ನಂಬಿಕೆ. ಅದಕ್ಕೇ ಪ್ರತಿ ವರ್ಷವೂ ರಂಗದ ಹಿಂದೆ ಅರಿಸಿನದ ನೀರು ಇಟ್ಟುಕೊಂಡು ಕಾಯುತ್ತಿದ್ದಳು. ಮೊಮ್ಮಗ ಪರದೆಯ ಹಿಂದೆ ಬಂದದ್ದೇ ಮುಖ ತೊಳೆದು, ರಟ್ಟೆ ಹಿಡಿದು ಮೇಲೆತ್ತಿ, ಹೆಸರು ಹಿಡಿದು ಕರೆಯುತ್ತಿದ್ದಳು. ಅವನು ಓ ಅಂದ ಮೇಲೆಯೇ ಅವಳಿಗೆ ಸಮಾಧಾನ. ಶಿವ ಎಬ್ಬಿಸದ ಹುಡುಗನನ್ನು ಮುದುಕಿ ಎಬ್ಬಿಸಿಕೊಂಡು ಹೋಗುತ್ತಿದ್ದಳು ಅನ್ನಿ.

ಆ ವರ್ಷ ಮಾಗಿ ಕಳೆಯುವ ಹೊತ್ತಿಗೆ ಸೋಮಮ್ಮನಿಗೆ ಜ್ವರ ಬಂತು. ಕಷಾಯ ಕುಡಿದಳು, ತಾಯತ ಕಟ್ಟಿಸಿಕೊಂಡಳು, ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಮೊಮ್ಮಗ ಗಾಡಿ ಕೇಳಿ ಬರುವಷ್ಟರಲ್ಲಿ ಮುಗಿದುಹೋಗಿದ್ದಳು. ಒಲೆಯ ಮೇಲೆ ಮುದ್ದೆಗಿಟ್ಟ ಎಸರು ಇನ್ನೂ ಕುದಿಯುತ್ತಿತ್ತು. ಪುಟ್ಟಮಾದು ಮೊದಲು ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು, ಆಮೇಲೆ ಪಕ್ಕದ ಮನೆಯ ಮಂಗಮ್ಮನನ್ನು ಕೂಗಿದ.

ಮಣ್ಣು ಮಾಡುವಾಗಲೂ ಅವನು ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತು ಕೊಡಲಿಲ್ಲ ಅಂದರೂ ಸರಿಯೆ. ಒಬ್ಬನೇ ಗಂಡುಮಗ, ಎಲ್ಲ ಅವನೇ ಮಾಡಬೇಕು. ಮಡಕೆ ಹೊರು ಅಂದರೆ ಹೊತ್ತ, ಮೂರು ಸುತ್ತು ಬಾ ಅಂದರೆ ಬಂದ, ಹಿಡಿ ಮಣ್ಣು ಹಾಕು ಅಂದರೆ ಹಾಕಿದ. ಗಟ್ಟಿ ಹುಡುಗ ಎಂದು ಜನ ಹೊಗಳಿದರು. ಆಮೇಲೆ ಸೂತಕದವನೆಂದು ಗುಡಿಸಲಿನಲ್ಲಿ ಒಬ್ಬನೇ ಕೂತ. ಮಂಗಮ್ಮ ಹೊಸ್ತಿಲಾಚೆಯಿಂದ ಮುದ್ದೆ ಇಟ್ಟು ಹೋಗುತ್ತಿದ್ದಳು. ಹನ್ನೊಂದಕ್ಕೆ ತಿಥಿ, ಅಲ್ಲಿಯವರೆಗೂ ಅವನನ್ನು ಯಾರೂ ಮುಟ್ಟುವ ಹಾಗಿಲ್ಲ.

ಆ ದಿನಗಳ ನಡುವೆಯೇ ಗುಂಡ್ಲುಪೇಟೆಯಿಂದ ಕರೆ ಬಂತು. ಅಲ್ಲಿ ಹೊಸ ಶಾಲಾ ಕಟ್ಟಡದ ಪ್ರಾರಂಭ, ಮೈಸೂರಿನಿಂದ ದೊಡ್ಡ ಅಧಿಕಾರಿಗಳು ಬರುತ್ತಾರೆ, ಹಳ್ಳಿಯ ನಾಟಕ ಒಂದಾಗಲಿ ಎಂದು ಯಾರೋ ಹೇಳಿ ಚಿಕ್ಕಣ್ಣ ಮೇಷ್ಟ್ರ ಹೆಸರು ಮುಂದೆ ಬಂದಿತ್ತು. ಊರು ಬಿಟ್ಟು ಆಚೆ ಒಂದು ಆಟವನ್ನೂ ಆಡದ ಮೇಷ್ಟ್ರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲ ಸಿದ್ಧವಾಯಿತು. ಹೆಣ ಮಾತ್ರ ಸೂತಕದಲ್ಲಿತ್ತು.

ಬೇರೆ ಹುಡುಗರ ಮನೆಗಳಿಗೆ ಹೋಗಿ ಕೇಳಿ ನೋಡಿದರು. ತಾಯಂದಿರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಕೊನೆಗೆ ಮೇಷ್ಟ್ರೂ ದೊಡ್ಡಬೀರಯ್ಯನೂ ಗುಡಿಸಲಿನ ಮುಂದೆ ಬಂದು, ಮುಟ್ಟದಷ್ಟು ದೂರದಲ್ಲಿ ನಿಂತು, ಬರಬೇಕು ಕಣಪ್ಪಾ, ಊರಿನ ಮಾನದ ಪ್ರಶ್ನೆ ಎಂದರು. ಇಷ್ಟು ವರ್ಷದಲ್ಲಿ ಅವನನ್ನು ಅವರು ಕೇಳಿದ್ದು ಅದೇ ಮೊದಲು.

ಈ ಸಲ ಮಲಗಿದರೆ ರಂಗದ ಹಿಂದೆ ಕಾಯುವವರು ಯಾರೂ ಇಲ್ಲ. ಅದೊಂದೇ ಪುಟ್ಟಮಾದುವಿನ ತಲೆಯಲ್ಲಿ ತಿರುಗುತ್ತಿದ್ದುದು.

“ಬತ್ತೀನಿ ಮೇಷ್ಟ್ರೆ. ಆದ್ರೆ ಈ ಸಲ ನಾನೇ ಎದ್ದೇಳ್ತೀನಿ. ಶಿವ ಕರ್ದಾಗ ಸಿದ್ದರಾಜು ಬರಾದ್ ಬ್ಯಾಡ. ಒಂದೇ ಒಂದ್ ಸಲ.”

ದೊಡ್ಡಬೀರಯ್ಯ ಮೇಷ್ಟ್ರ ಮುಖ ನೋಡಿದ. ನಾಟಕದ ಪರದೆ, ಗ್ಯಾಸ್‌ಲೈಟು, ಗಾಡಿ ಎಲ್ಲ ಅವನವು. ಮಂಗಳ ಹಾಡುವವನು ಅವನ ಮಗ, ಅದೂ ಮೈಸೂರಿನ ಅಧಿಕಾರಿಗಳ ಮುಂದೆ. ಮೇಷ್ಟ್ರು ಅದನ್ನು ಅರಿತುಕೊಂಡು ಹೇಳಿದರು.

“ಎದ್ದೋನು ಮಾತಾಡ್ಬೇಕು ಕಣ್ಲಾ, ಶಿವನ ಹೆಸರು ಹೇಳ್ಬೇಕು. ಸೂತಕದೋನು ಪೂಜೆ ಆದ ರಂಗದ ಮ್ಯಾಲೆ ಬಾಯಿ ಬಿಡಂಗಿಲ್ಲ. ಮಲಗೋದಾದ್ರೆ ಅಡ್ಡಿಲ್ಲ ಬುಡು. ಹೆಣಕ್ಕೇನು ಸೂತಕ?”

ಅದು ಚೆನ್ನಾಗಿ ಕೂತಿತು. ದೊಡ್ಡಬೀರಯ್ಯ ತಲೆ ಆಡಿಸಿದ. ಇಬ್ಬರೂ ಒಂದು ಕಷ್ಟ ಕಳೆದವರ ಹಾಗೆ ಹೊರಟುಹೋದರು. ಪುಟ್ಟಮಾದು ಆ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದ. ತನ್ನ ಅಜ್ಜಿ ಸತ್ತಿದ್ದಾಳೆ, ತನಗೆ ಸೂತಕವಿಲ್ಲ. ಹಾಗಾದರೆ ತಾನು ಅವಳಿಗೆ ಏನಾದ ಹಾಗಾಯಿತು? ಬರುವುದಿಲ್ಲ ಅಂದುಬಿಡಬೇಕೆನಿಸಿತು. ಆದರೆ ತಿಥಿಗೆ ಈ ಊರಿನವರೇ ಬಂದು ನಿಲ್ಲಬೇಕು. ಹೊರಟ.

ಚಾಮರಾಜನಗರದವರೆಗೆ ಗಾಡಿ, ಅಲ್ಲಿಂದ ತೆರಕಣಾಂಬಿಯ ಮೇಲೆ ಬಸ್ಸು. ಉಳಿದವರೆಲ್ಲ ಒಟ್ಟಿಗೆ ಕೂತು ಹಾಡಿನ ಪಲ್ಲವಿ ಹಿಡಿದರೆ ಪುಟ್ಟಮಾದು ಹಿಂದಿನ ಮೂಲೆಯಲ್ಲಿ ಪರದೆಯ ಗಂಟಿನ ಪಕ್ಕ ಕೂತಿದ್ದ. ಮೇಷ್ಟ್ರ ತೀರ್ಪಿನಿಂದ ಅವನನ್ನು ಮುಟ್ಟಬಹುದಾಗಿತ್ತು, ಹಾಗಾಗಿ ಗಂಟುಗಳನ್ನು ಇಳಿಸುವ ಕೆಲಸವೂ ಅವನಿಗೇ ಬಂತು.

ಗುಂಡ್ಲುಪೇಟೆಯಲ್ಲಿ ಇಳಿದ ಮೇಲೆ ಯಾರೂ ಎಣಿಸದಿದ್ದುದೊಂದು ಗೊತ್ತಾಯಿತು. ಅಧಿಕಾರಿಗಳು ಸಂಜೆಯೇ ಮೈಸೂರಿಗೆ ಹಿಂತಿರುಗಬೇಕು, ಆಟ ಮಧ್ಯಾಹ್ನವೇ ಆಗಬೇಕು. ಮೂರು ಕಡೆ ತೆರೆದ ಚಪ್ಪರ. ಬಿಸಿಲು ನೇರವಾಗಿ ರಂಗದ ಮೇಲೆ ಬೀಳುತ್ತಿತ್ತು. ಊರಿನಿಂದ ಹೊತ್ತು ತಂದಿದ್ದ ಗ್ಯಾಸ್‌ಲೈಟು ಮೂಲೆಯಲ್ಲಿ ಕೂತಿತು. ತಗ್ಗಿಸುವುದಕ್ಕೆ ಸೂರ್ಯನಿಗೆ ಕೀಲಿಯಿಲ್ಲ ಎಂದು ಶಿವನ ಪಾತ್ರದ ಕೆಂಪಯ್ಯ ನಕ್ಕ. ಮೇಷ್ಟ್ರು ನಗಲಿಲ್ಲ. ಜನ ಆಗಲೇ ಬಂದು ತುಂಬಿದ್ದರು. ಮುಂದಿನ ಸಾಲಿನಲ್ಲಿ ಅಧಿಕಾರಿಗಳ ಕುರ್ಚಿ, ಅವುಗಳ ಮುಂದೆ ನೆಲದ ಮೇಲೆ ಶಾಲೆಯ ಮಕ್ಕಳು.

ಮೊದಲರ್ಧ ಚೆನ್ನಾಗಿಯೇ ನಡೆಯಿತು. ಸಿದ್ದರಾಜು ಏರಿಯ ಮೇಲೆ ನಿಂತು ಹಾಡಿದ್ದಕ್ಕೆ ಚಪ್ಪಾಳೆ ಬಿತ್ತು. ಅವನು ಬೆಳ್ಳಗೆ, ದುಂಡಗೆ ಇದ್ದ, ಅರದಾಳದ ಹಳದಿ ಬಣ್ಣ ಬಳಿದ ಮುಖ ಬಿಸಿಲಿಗೆ ಮಿರುಗುತ್ತಿತ್ತು. ಬಿರುಕಿಗೆ ಮೈಯೊಡ್ಡಿ ಬಿದ್ದ. ಪಂಚೆ ಅಡ್ಡ ಬಂತು. ಪಂಚೆಯ ಕೆಳಗಿನಿಂದ ನಾಲ್ಕು ಕಾಲು ಹೋಗಿ ಬಂದದ್ದು ಎಲ್ಲರಿಗೂ ಕಂಡಿತು. ಪಂಚೆ ಸರಿದಾಗ ಅಲ್ಲಿ ಕಪ್ಪಗೆ, ಉದ್ದಕ್ಕೆ, ಬಡಕಲು ಹುಡುಗನೊಬ್ಬ ಮೊಣಕಾಲು ಹೊರಗೆ ಹಾಕಿಕೊಂಡು ಮಲಗಿದ್ದ.

ಜನರಲ್ಲಿ ಗುಸುಗುಸು ಎದ್ದಿತು. ನೀರಲ್ಲಿ ಮುಳುಗಿದ್ದಕ್ಕೆ ಬಣ್ಣ ಬಿಟ್ಟುಕೊಂಡಿದೆ ಎಂದು ಯಾರೋ ಅಂದರು. ಹಿಂದಿನವರು ಕಿಸಕ್ಕೆಂದರು. ಕಣ್ಣು ಮುಚ್ಚಿ ಮಲಗಿದ್ದ ಪುಟ್ಟಮಾದುವಿಗೆ ಎಲ್ಲವೂ ಕೇಳಿಸಿತು. ಕಿವಿ ಬಿಸಿಯಾಯಿತು. ಅಲುಗಲಿಲ್ಲ.

ತಾಯಿಯ ಪಾತ್ರದ ಬೋರಯ್ಯ ಬಂದು ಪಕ್ಕದಲ್ಲಿ ಕೂತ. ಬೋರಯ್ಯ ಊರಿನಲ್ಲಿ ಅರಿಸಿನ ಬೇಯಿಸುವವನು, ಒರಟು ಕೈ, ದಪ್ಪ ಮಾತು. ಸೀರೆ ಉಟ್ಟು ಈ ಹಾಡು ಹಿಡಿದರೆ ಮಾತ್ರ ಹೆತ್ತವಳೇ ಆಗಿಬಿಡುತ್ತಿದ್ದ. ಆ ಒರಟು ಕೈಯನ್ನು ಹುಡುಗನ ಎದೆಯ ಮೇಲಿಟ್ಟು ಶುರು ಮಾಡಿದ:

“ಒಲೆಯ ಮೇಲಣ ಎಸರು ಆರುತಿದೆ ಮಗನೇ,
ಉಣ್ಣುವ ಕೈಯ ಎಲ್ಲಿಟ್ಟು ಹೋದೆ?
ನಾ ಕರೆದ ದನಿಗೊಮ್ಮೆ ಓ ಎನ್ನಬಾರದೆ,
ಒಬ್ಬಳ ಮಾಡಿ ಎಲ್ಲಿ ನೀ ಹೋದೆ?”

ಇಷ್ಟು ವರ್ಷ ಪುಟ್ಟಮಾದುವಿಗೆ ಇದು ಹಾಡಾಗಿತ್ತು. ಇವತ್ತು ಒಲೆ ಕಂಡಿತು, ಎಸರು ಕಂಡಿತು, ಹಿಂದಕ್ಕೆಳೆದ ಕೊಳ್ಳಿಯ ಹೊಗೆ ಕಂಡಿತು. ಅಜ್ಜಿಯನ್ನು ಎತ್ತುವಾಗ ಅವಳ ಕೈ ಜಾರಿ ನೆಲಕ್ಕೆ ಬಡಿದದ್ದು ಕಂಡಿತು. ಹಲ್ಲು ಕಚ್ಚಿದ. ಉಸಿರು ಹಿಡಿದ. ಹೆಣವಾಗುವುದರಲ್ಲಿ ಅವನಷ್ಟು ಪಳಗಿದವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಆದರೂ ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಜಿನುಗಿ, ಬೂದಿ ಬಳಿದ ಕೆನ್ನೆಯ ಮೇಲೆ ಕಪ್ಪಗೆ ಗೆರೆ ಎಳೆದುಕೊಂಡು ಕಿವಿಯವರೆಗೆ ಇಳಿಯಿತು. ಆ ಬಿಸಿಲಿನಲ್ಲಿ ಅದು ಕೊನೆಯ ಸಾಲಿಗೂ ಕಾಣುವ ಹಾಗಿತ್ತು.

ಮುಂದೆ ಕೂತಿದ್ದ ಶಾಲೆಯ ಮಗುವೊಂದು ಎದ್ದು ನಿಂತು, ಹೆಣ ಅಳ್ತಾ ಅದೆ ಎಂದಿತು.

ಇಡೀ ಚಪ್ಪರ ನಕ್ಕಿತು. ಅಧಿಕಾರಿಗಳೂ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಒಬ್ಬರ ನಗು ನೋಡಿ ಇನ್ನೊಬ್ಬರು ನಕ್ಕು, ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಎದ್ದಿತು. ಬೋರಯ್ಯನಿಗೆ ಮುಂದಿನ ಸಾಲು ಮರೆತುಹೋಯಿತು. ಬಾಯಿ ತೆರೆದು ಮುಚ್ಚಿದ. ಮೇಷ್ಟ್ರು ಬೆವರುತ್ತ ಅದೇ ಸ್ವರವನ್ನು ತಿರುಗಿ ತಿರುಗಿ ಒತ್ತುತ್ತಿದ್ದರು. ಪುಟ್ಟಮಾದು ತುಟಿ ಅಲುಗಿಸದೆ ಮುಂದಿನ ಸಾಲನ್ನು ಪಿಸುಗುಟ್ಟಿದ. ಆ ಗದ್ದಲದಲ್ಲಿ ಬೋರಯ್ಯನಿಗೆ ಅದು ಕೇಳಿಸಲಿಲ್ಲ.

ನಗುತ್ತಿರುವುದು ತನ್ನನ್ನೇ ನೋಡಿ ಎಂದು ಪುಟ್ಟಮಾದುವಿಗೆ ಗೊತ್ತಿತ್ತು. ಎದ್ದು ಓಡಿಹೋಗಬಹುದಾಗಿತ್ತು. ಬಸ್ಸಿನ ದಾರಿ ಹಿಡಿದು ಬೆಟ್ಟದ ಕಡೆಗೋ ನಂಜನಗೂಡಿನ ಕಡೆಗೋ ಹೋದರೆ ಹುಡುಕುವವರಾದರೂ ಯಾರು? ಓಡಲಿಲ್ಲ. ಮಲಗಿದ ಹಾಗೇ, ಕಣ್ಣು ಮುಚ್ಚಿದ ಹಾಗೇ, ಬಾಯಿ ತೆರೆದು ಹಾಡಿಬಿಟ್ಟ.

ಒಲೆಯ ಮೇಲಣ ಎಸರು. ಮೊದಲ ಸಾಲು ಗೊಗ್ಗರಾಗಿ ಒಡೆಯಿತು. ಕೆಲವರು ಇನ್ನೂ ಜೋರಾಗಿ ನಕ್ಕರು. ಎರಡನೆಯ ಸಾಲಿಗೆ ದನಿ ತನ್ನ ಜಾಗ ಹಿಡಿಯಿತು. ಹುಡುಗನದೂ ಅಲ್ಲ, ಗಂಡಸಿನದೂ ಅಲ್ಲದ ಒರಟು ದನಿ. ಅವನು ಯಾರನ್ನೂ ಮೆಚ್ಚಿಸುವುದಕ್ಕೆ ಹಾಡುತ್ತಿರಲಿಲ್ಲ. ಅಂದು ಮಡಕೆ ಹೊತ್ತು ಸುತ್ತುವಾಗ ಬಾರದ ಅಳು ಈಗ ಬರುತ್ತಿತ್ತು, ಅದಕ್ಕೊಂದು ಹಾಡು ಸಿಕ್ಕಿತ್ತು, ಅಷ್ಟೆ. ಮೇಷ್ಟ್ರ ಬೆರಳು ತಾವಾಗಿ ಆ ದನಿಯ ಹಿಂದೆ ಹೋದವು. ನಗು ಅಲ್ಲೊಂದು ಇಲ್ಲೊಂದು ಉಳಿದು ಆಮೇಲೆ ನಿಂತಿತು. ಹೆಂಗಸರ ಕಡೆ ಒಬ್ಬಳು ಸೆರಗು ಬಾಯಿಗಿಟ್ಟಳು. ಮೂರನೆಯ ಸಾಲಿಗೆ ಬೋರಯ್ಯನಿಗೆ ಮಾತು ಮರಳಿ ಬಂತು. ಅವನೂ ಸೇರಿಕೊಂಡ. ಸತ್ತ ಮಗನೂ ಅಳುವ ತಾಯಿಯೂ ಒಂದೇ ಹಾಡನ್ನು ಕೊನೆಯವರೆಗೆ ಹಾಡಿದರು. ಇಂಥದ್ದನ್ನು ಮೇಷ್ಟ್ರು ಬರೆದಿರಲಿಲ್ಲ. ಯಾರೂ ಬರೆಯಲಾರರು ಬಿಡಿ.

ಶಿವ ಬಂದ. ಇಬ್ಬರು ಗಂಡಸರು ಅಭ್ಯಾಸ ಬಲದಿಂದ ಪಂಚೆ ಅಡ್ಡ ಹಿಡಿದರು. ಸಿದ್ದರಾಜು ಬಗ್ಗಿಕೊಂಡು ಬಂದು ಪುಟ್ಟಮಾದುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಏಳ್ಲಾ, ಓಗು, ನಂದು ಈಗ ಎಂದು ಭುಜ ತಟ್ಟಿದ.

ಪುಟ್ಟಮಾದು ಕಣ್ಣು ತೆರೆಯಲಿಲ್ಲ.

“ಓಗಾಕಿಲ್ಲ ಕಣ್ಲಾ ಸಿದ್ದಾ. ಯೋಳು ವರ್ಸದಿಂದ ಸಾಯ್ತಾ ಇವ್ನಿ. ಇವತ್ತು ನಾನೇ ಎದ್ದೇಳ್ತೀನಿ.”

ಸಿದ್ದರಾಜುವಿಗೂ ಹದಿನೈದೇ. ಅಪ್ಪ ರಂಗದ ಪಕ್ಕದಲ್ಲೇ ನಿಂತು ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಮಂಗಳದ ಹಾಡನ್ನು ಸಿದ್ದರಾಜು ತಿಂಗಳಿಂದ ತಿದ್ದಿಕೊಂಡಿದ್ದ. ಬೂದಿಯ ಮೇಲಿನ ಕಣ್ಣೀರಿನ ಗೆರೆಯನ್ನು ಒಂದು ಗಳಿಗೆ ನೋಡಿದ. ಬಂದ ಹಾಗೇ ಬಗ್ಗಿಕೊಂಡು ಹಿಂದಕ್ಕೆ ಹೋದ. ಪಂಚೆಯ ಕೆಳಗೆ ಆ ಎರಡು ಕಾಲು ಬಂದು ಮರಳಿದ್ದನ್ನೂ ಎಲ್ಲರೂ ನೋಡಿದರು. ಈ ಸಲ ಯಾರೂ ನಗಲಿಲ್ಲ.

ಪಂಚೆ ಸರಿಯಿತು. ಬೆಳ್ಳಗಿನ ಹುಡುಗ ಮಲಗಿರಬೇಕಾಗಿದ್ದ ಜಾಗದಲ್ಲಿ ಕಪ್ಪು ಹುಡುಗನೇ ಇದ್ದುದನ್ನು ಕಂಡು ಕೆಂಪಯ್ಯ ತಬ್ಬಿಬ್ಬಾದ. ಆದರೆ ಶಿವನ ವೇಷ ಹಾಕಿದವನು ಎಷ್ಟು ಹೊತ್ತು ಸುಮ್ಮನೆ ನಿಂತಾನು? ಮಾತು ಹೇಳಿದ.

“ಏಳು ಮಗನೇ, ನಿನ್ನ ಕಾಲ ಮುಗಿದಿಲ್ಲ.”

ಪುಟ್ಟಮಾದು ಎದ್ದು ಕೂತ. ಆಮೇಲೆ ನಿಂತ. ಕಣ್ಣು ತೆರೆದ. ಬಿಸಿಲು ಹೊಡೆದು ಮೊದಲು ಏನೂ ಕಾಣಲಿಲ್ಲ, ನಿಧಾನಕ್ಕೆ ತಲೆಗಳು ಕಂಡವು, ಮುಖಗಳು ಕಂಡವು, ಸಾಲು ಸಾಲಾಗಿ, ಶಾಲೆಯ ಗೋಡೆಯವರೆಗೂ. ರಂಗದ ಮೇಲಿಂದ ಜನ ಹೀಗೆ ಕಾಣುತ್ತಾರೆಂದು ಅವನಿಗೆ ಇದುವರೆಗೂ ಗೊತ್ತಿರಲಿಲ್ಲ. ಅವರೆಲ್ಲ ಅವನನ್ನೇ ನೋಡುತ್ತಿದ್ದರು. ಹೆದರಿಕೆಯಾಯಿತು, ಸಂತೋಷವೂ ಆಯಿತು. ಮಂಗಳ ಹಾಡಿದ. ಎರಡು ಕಡೆ ಸ್ವರ ತಪ್ಪಿತು. ಮೇಷ್ಟ್ರಿಗಲ್ಲದೆ ಬೇರೆ ಯಾರಿಗೂ ಅದು ತಿಳಿಯಲಿಲ್ಲ.

ಚಪ್ಪಾಳೆ ನಿಂತು, ಅಧಿಕಾರಿಗಳ ಕಾರು ಹೊರಟ ಮೇಲೆ ರಂಗದ ಹಿಂದೆ ರಾದ್ಧಾಂತ ಶುರುವಾಯಿತು. ದೊಡ್ಡಬೀರಯ್ಯ ಮಗನನ್ನೂ ಬೈದ, ಮೇಷ್ಟ್ರನ್ನೂ ಬೈದ, ಎಲ್ಲರಿಗಿಂತ ಹೆಚ್ಚಾಗಿ ಪುಟ್ಟಮಾದುವನ್ನು ಬೈದ. ಮೈಲಿಗೆಯವನು ಪೂಜೆಯಾದ ರಂಗದ ಮೇಲೆ ಶಿವನ ಹೆಸರೆತ್ತಿದ್ದಾನೆ, ಇನ್ನು ಈ ಪರದೆ ಯಾವ ಕೆಲಸಕ್ಕೆ ಬಂತು ಎಂದ. ಮೇಷ್ಟ್ರು ನಾನು ಮೊದಲೇ ಹೇಳಿದ್ದೆ ಎಂದು ಎಲ್ಲರ ಮುಖ ನೋಡಿದರು. ಸೀರೆಯಲ್ಲೇ ಇದ್ದ ಬೋರಯ್ಯ ಮುಂದೆ ಬಂದು ಹುಡುಗನ ಹೆಗಲ ಮೇಲೆ ಕೈ ಹಾಕಲು ಹೋದ.

ಪುಟ್ಟಮಾದು ಒಂದು ಹೆಜ್ಜೆ ಹಿಂದೆ ಸರಿದ.

“ಮುಟ್ಬ್ಯಾಡಿ ಬೋರಣ್ಣ. ಯಜಮಾನ್ರು ಯೋಳಿದ್ದು ನಿಜ. ನಮ್ಮಜ್ಜಿ ಸತ್ತೋಗವ್ಳೆ. ನಂಗೆ ಸೂತಕ ಅದೆ.”

ಅವನು ಅದನ್ನು ಜಗಳಕ್ಕೆ ಹೇಳಲಿಲ್ಲ. ತನ್ನದೇನೋ ಕಳೆದುಹೋಗಿದ್ದದ್ದು ಸಿಕ್ಕಿತು ಅನ್ನುವ ಹಾಗೆ ಹೇಳಿದ. ಬೋರಯ್ಯನ ಕೈ ಗಾಳಿಯಲ್ಲೇ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಸರಿದು ಜಾಗ ಬಿಟ್ಟರು, ಹೆತ್ತವರನ್ನು ಕಳೆದುಕೊಂಡು ಬಂದವನಿಗೆ ಬಿಡುವ ಹಾಗೆ. ದೊಡ್ಡಬೀರಯ್ಯನೂ ಬಾಯಿ ಮುಚ್ಚಿಕೊಂಡು ಸರಿದ. ಪುಟ್ಟಮಾದು ಶಾಲೆಯ ಹೊಸ ಗೋಡೆಯ ನೆರಳಿನಲ್ಲಿ ಹೋಗಿ ಕೂತು, ಮಂಡಿಗೆ ತಲೆ ಕೊಟ್ಟು, ಅಜ್ಜಿ ಎಂದು ಬಾಯಿ ಬಿಟ್ಟು ಅತ್ತ. ಗಟ್ಟಿ ಹುಡುಗ ಎಂದು ಯಾರೂ ಹೇಳಲಿಲ್ಲ, ಸಾಕು ಎಂದೂ ಹೇಳಲಿಲ್ಲ. ಪರದೆಯ ಗಂಟನ್ನು ಸಿದ್ದರಾಜು ತಲೆಯ ಮೇಲೆ ಹೊತ್ತ. ಬಸ್ಸು ಬಂದಾಗ ಬೋರಯ್ಯ ಮುಂದೆ ಹೋಗಿ, ಅಲ್ಲಿ ನಮ್ಮ ಹುಡುಗನೊಬ್ಬ ಅಳುತ್ತಿದ್ದಾನೆ, ಸ್ವಲ್ಪ ನಿಲ್ಲಿಸಿಕೊಳ್ಳಿ ಎಂದು ಡ್ರೈವರನ್ನು ಕೇಳಿಕೊಂಡ.